ಗಿನಿಪಿಗ್ ಸಾಕಣೆ: ಆಹಾರ ಹಾಗೂ ಆರೋಗ್ಯ ನಿಗಾ ಕುರಿತು ಸಾರ್ವಜನಿಕರಿಗೆ ಮಾಹಿತಿ

ಮನೆಗಳಲ್ಲಿ ಗಿನಿಪಿಗ್ ಸಾಕುತ್ತಿರುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಮೊಲದ ಆಹಾರವನ್ನೇ ಗಿನಿಪಿಗ್‌ಗೂ ನೀಡುವ ರೂಢಿಯಿದ್ದು, ಇದು ಸರಿಯಾದ ಕ್ರಮವಲ್ಲ. ಮೊಲವು ತನಗೆ ಬೇಕಾದ ಸಿ ಜೀವಸತ್ವವನ್ನು ದೇಹದಲ್ಲಿಯೇ ತಯಾರಿಸಿಕೊಳ್ಳುತ್ತದೆ. ಮನುಷ್ಯರಂತೆ ಗಿನಿಪಿಗ್‌ಗೂ ಆ ಶಕ್ತಿ ಇರುವುದಿಲ್ಲ. ಕೊರತೆಯಾದಲ್ಲಿ ಒಸಡಿನಲ್ಲಿ ರಕ್ತಸ್ರಾವ, ಕೀಲುಗಳ ಊತ, ಒರಟಾದ ರೋಮ ಹಾಗೂ ನಡೆಯಲು ಹಿಂಜರಿಕೆ ಕಂಡುಬರುತ್ತವೆ.

ವಯಸ್ಕ ಪ್ರಾಣಿಗೆ ಪ್ರತಿ ಕೆ.ಜಿ. ದೇಹತೂಕಕ್ಕೆ ದಿನಕ್ಕೆ ಸುಮಾರು 10ರಿಂದ 20 ಮಿ.ಗ್ರಾಂ, ಗರ್ಭ ಧರಿಸಿದ್ದಲ್ಲಿ ಸುಮಾರು 30 ಮಿ.ಗ್ರಾಂ ಸಿ ಜೀವಸತ್ವ ಅವಶ್ಯಕ. 10 ಗ್ರಾಂ ತೂಕದ ಸೀಬೆಹಣ್ಣಿನ ತುಂಡೊಂದರಲ್ಲಿ ಸುಮಾರು 20 ಮಿ.ಗ್ರಾಂ ದೊರೆಯುತ್ತದೆ. ಸಿಹಿ ಹೆಚ್ಚಾಗದಂತೆ ದೊಣ್ಣೆಮೆಣಸಿನಕಾಯಿ, ಕೊತ್ತಂಬರಿ ಸೊಪ್ಪುಗಳನ್ನು ಬದಲಾಯಿಸಿ ನೀಡತಕ್ಕದ್ದು. ಸೌತೆಕಾಯಿಯನ್ನು ಪ್ರಾಣಿಯು ಇಷ್ಟಪಟ್ಟು ತಿನ್ನುವುದೇನೋ ನಿಜ, ಆದರೆ ಅದರಲ್ಲಿ ಈ ಜೀವಸತ್ವ ಅತ್ಯಲ್ಪ. ನೀರಿಗೆ ಬೆರೆಸಿದ ಹನಿಮದ್ದು ಬೇಗನೆ ಸತ್ವ ಕಳೆದುಕೊಳ್ಳುವುದರಿಂದ ಅದನ್ನು ನೆಚ್ಚಿಕೊಳ್ಳಬಾರದು. ಗಿನಿಪಿಗ್‌ಗಾಗಿಯೇ ತಯಾರಿಸಿದ ಗುಳಿಗೆ ಆಹಾರವನ್ನು ದಿನಕ್ಕೆ ಒಂದೆರಡು ದೊಡ್ಡ ಚಮಚದಷ್ಟು ನೀಡಬಹುದು. ಖರೀದಿಸುವಾಗ ತಯಾರಿಕಾ ದಿನಾಂಕವನ್ನು ಪರಿಶೀಲಿಸುವುದು.

ಆಹಾರದ ಬಹುಪಾಲು ಹುಲ್ಲೇ ಆಗಿರತಕ್ಕದ್ದು. ಹಲ್ಲುಗಳು ಜೀವಮಾನವಿಡೀ ಬೆಳೆಯುವುದರಿಂದ, ಸದಾ ಹುಲ್ಲು ಅಗಿಯದಿದ್ದಲ್ಲಿ ಅವು ಉದ್ದವಾಗಿ ತಿನ್ನಲು ಅಡ್ಡಿಯಾಗುತ್ತವೆ. ಗರಿಕೆ ಹಾಗೂ ಹಸಿರಿರುವಾಗಲೇ ಕೊಯ್ದು ಒಣಗಿಸಿದ ಹುಲ್ಲು ಉತ್ತಮ. ಭತ್ತದ ಒಣಹುಲ್ಲಿನಲ್ಲಿ ಪೋಷಕಾಂಶ ಕಡಿಮೆ. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದು, ಮೂತ್ರಕೋಶದಲ್ಲಿ ಕಲ್ಲಾಗುವ ಸಂಭವವಿರುವುದರಿಂದ ವಯಸ್ಕ ಪ್ರಾಣಿಗೆ ನಿತ್ಯವೂ ಬೇಡ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಅನ್ನ ಹಾಗೂ ಹಾಲಿನ ಪದಾರ್ಥಗಳನ್ನು ನೀಡಬಾರದು.

ಗಿನಿಪಿಗ್ ತನ್ನ ಕಾಯಿಲೆಯನ್ನು ಬಹುಮಟ್ಟಿಗೆ ಮರೆಮಾಚುವ ಪ್ರಾಣಿ. ಚಟುವಟಿಕೆಯಿಂದಿರುವಂತೆ ಕಂಡರೂ ತೂಕ ಇಳಿಯುತ್ತಿರಬಹುದು. ಆದುದರಿಂದ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ದಿನಾಂಕ ಸಹಿತ ಬರೆದಿಡತಕ್ಕದ್ದು. ವಯಸ್ಕ ಪ್ರಾಣಿಯ ತೂಕ ಸಾಮಾನ್ಯವಾಗಿ 700ರಿಂದ 1200 ಗ್ರಾಂ. ಇದರಲ್ಲಿ ಹತ್ತನೇ ಒಂದು ಭಾಗ ಕಡಿಮೆಯಾದಲ್ಲಿ ಪಶುವೈದ್ಯರಿಗೆ ತೋರಿಸುವುದು.

12 ಗಂಟೆಗಳ ಕಾಲ ಏನನ್ನೂ ತಿನ್ನದಿದ್ದಲ್ಲಿ ಅಥವಾ ಹಿಕ್ಕೆ ನಿಂತಲ್ಲಿ ಅದು ತುರ್ತು ಪರಿಸ್ಥಿತಿ, ಮರುದಿನದವರೆಗೆ ಕಾಯಬಾರದು. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮುಂತಾದ ಔಷಧಿಗಳನ್ನು ಯಾವುದೇ ಕಾರಣಕ್ಕೂ ಬಾಯಿಯ ಮೂಲಕ ನೀಡಬಾರದು. ಇವು ಕರುಳಿನ ಉಪಯುಕ್ತ ಸೂಕ್ಷ್ಮಾಣುಗಳನ್ನು ನಾಶಪಡಿಸಿ, ಪ್ರಾಣಿಯ ಸಾವಿಗೆ ಕಾರಣವಾಗಬಲ್ಲವು.

ಪಶು ಆಸ್ಪತ್ರೆಗೆ ಬರುವಾಗ ತೂಕದ ದಾಖಲೆ ಹಾಗೂ ಆಹಾರದ ಪೊಟ್ಟಣವನ್ನು ಜೊತೆಗೆ ತರುವುದು. ಕೊನೆಯ ಬಾರಿ ತಿಂದ ಸಮಯವನ್ನು ವೈದ್ಯರಿಗೆ ತಪ್ಪದೆ ತಿಳಿಸುವುದು.