ಜೇಡಕ್ಕೊಂದು ಕನ್ನಡದ ಹೆಸರು

ನಮ್ಮ ಸೀಮೆಯಲ್ಲಿ ಊರಿನ ಹೆಸರುಗಳು ಸ್ಥಿರವಾಗಿ ನಿಂತವೆಂದು ಹೇಳುವಂತಿಲ್ಲ. ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟುದರಿಂದ ಹಿರೋಡೆಯು ‘ಫ್ರೆಂಚ್ ರಾಕ್ಸ್’ ಎನಿಸಿ, ತರುವಾಯ ಪಾಂಡವಪುರವಾಯಿತು. ಅತ್ತಿಕುಪ್ಪೆಯು ಕೃಷ್ಣರಾಜಪೇಟೆಯಾಯಿತು. ಶ್ರೀರಂಗಪಟ್ಟಣವಂತೂ 1799ರ ಯುದ್ಧದ ವೃತ್ತಾಂತಗಳಲ್ಲಿ ‘ಸೆರಿಂಗಾಪಟಂ’ ಎಂಬ ವಿಕೃತರೂಪವನ್ನು ತಾಳಿ ಲೋಕವನ್ನೆಲ್ಲ ಸುತ್ತಿತು. ನಾಗಮಂಗಲವೊಂದು ಹೇಗೋ ಪಾರಾಗಿದೆ.

ಪ್ರಾಣಿಶಾಸ್ತ್ರದಲ್ಲಿ ನಿಯಮವು ಬಿಗಿಯಾದುದು. ಒಂದು ಪ್ರಭೇದಕ್ಕೆ ಮೊದಲು ಇಟ್ಟ ಹೆಸರು, ಅದನ್ನು ಬೇರೊಂದು ಕುಲಕ್ಕೆ ಸೇರಿಸಿದರೂ ಅದರೊಡನೆಯೇ ಹೋಗುತ್ತದೆ. ಇತರ ಪ್ರಾಣಿಗಳಿಗೆ ಲಿನೇಯಸನ 1758ರ ಗ್ರಂಥವು ಆದಿಯಾದರೆ, ಜೇಡಗಳಿಗೆ ಮಾತ್ರ ಅವನ ದೇಶದವನೇ ಆದ ಕ್ಲೆರ್ಕನ 1757ರ ಗ್ರಂಥವೇ ಪ್ರಮಾಣ. ನಮ್ಮ ದೇಶದ ಜೇಡಗಳನ್ನು ಪೋಕಾಕನು 1900ರಲ್ಲಿ ಗ್ರಂಥರೂಪವಾಗಿ ವಿವರಿಸಿದನು. ಆ ಕಾಲದ ಹೆಸರುಗಳು ಬಹುಮಟ್ಟಿಗೆ ಗ್ರೀಕ್ ಲ್ಯಾಟಿನ್‌ಗಳಿಂದ ಬಂದವು. ನಮ್ಮ ಹೊಲಗದ್ದೆಗಳಲ್ಲಿ ಹುಟ್ಟಿದ ಜೀವಿಗೂ ಪರದೇಶದ ನಾಮಕರಣವೇ.

2024ರಲ್ಲಿ ಈ ಪದ್ಧತಿಗೆ ಹೊರತಾದ ಸಂಗತಿಯೊಂದು ನಡೆಯಿತು. ಕಿರಣ್ ಮರಾಠೆ, ವೇಯ್ನ್ ಮ್ಯಾಡಿಸನ್, ಕೃಷ್ಣಮೇಘ ಕುಂಟೆ ಎಂಬ ವಿದ್ವಾಂಸರು ‘ಝೂಕೀಸ್’ ಪತ್ರಿಕೆಯಲ್ಲಿ, ನೆಗೆಯುವ ಜೇಡಗಳ ಹೊಸ ಕುಲವೊಂದಕ್ಕೆ ‘ತೆಂಕಣ’ ಎಂದು ಹೆಸರಿಟ್ಟರು. ಅಚ್ಚಗನ್ನಡದ ಮಾತು! ಪಂಪನು ಬನವಾಸಿಯನ್ನು ನೆನೆಯುವಲ್ಲಿ ಬೀಸುವುದೂ ಈ ತೆಂಕಣ ದಿಕ್ಕಿನ ಗಾಳಿಯೇ. ಮನೆಮಾತಿನಲ್ಲಿ ನಾವು ‘ದಕ್ಷಿಣ’ವೆಂದು ಮಾತ್ರ ಹೇಳುತ್ತಿರಲು, ಹಳೆಯ ಶಬ್ದವು ಜೇಡದ ಬೆನ್ನೇರಿ ಬಂದಿತು.

ಈ ಕುಲದಲ್ಲಿ ಆಗ ಸೇರಿದ ಪ್ರಭೇದಗಳು ಮೂರು. ಮನು, ಅರ್ಕಾವತಿ ಎಂಬ ಎರಡು ಮೊದಲೇ ಬೇರೆ ಕುಲದಲ್ಲಿದ್ದು, ತಮ್ಮ ಹೆಸರುಗಳೊಡನೆ ಇತ್ತ ಬಂದವು. ಮೂರನೆಯ ಜಯಮಂಗಲಿ ಹೊಸತು. ಜಯಮಂಗಲಿ ನದಿಯು ದೇವರಾಯನದುರ್ಗದಲ್ಲಿ ಹುಟ್ಟುವುದು. ಅರ್ಕಾವತಿಯು ನಂದಿಬೆಟ್ಟದಲ್ಲಿ ಹುಟ್ಟಿ, ಶ್ರೀರಂಗಪಟ್ಟಣವನ್ನು ಬಳಸಿ ಹರಿದುಹೋದ ನಮ್ಮ ಕಾವೇರಿಯನ್ನೇ ಕೆಳಗೆ ಸಂಗಮದಲ್ಲಿ ಕೂಡುವುದು.

ಇವುಗಳ ಬಂಧುಗಳು ಹಲವು ಮಳೆಕಾಡುಗಳಲ್ಲಿ ವಾಸಿಸಿದರೆ, ತೆಂಕಣದವು ಒಣಭೂಮಿಯಲ್ಲಿ, ನೆಲದ ಮೇಲೆಯೇ ಸಂಚರಿಸುತ್ತವೆ. ಬೆರಳುಗುರಿನ ಮೇಲೆ ಕೂರುವಷ್ಟು ಸಣ್ಣ ದೇಹ, ಕಣ್ಣುಗಳೋ ಎಂಟು. ಬೇಟೆಗಾಗಿ ಬಲೆ ನೇಯುವುದಿಲ್ಲ. ಕಾಲುಗಳೊಳಗೆ ರಕ್ತದ ಒತ್ತಡವನ್ನೇರಿಸಿ ಹಾರಿ, ಕೀಟವನ್ನು ಹಿಡಿಯುತ್ತವೆ. ಹಾರುವಾಗ ಎಳೆಯೊಂದನ್ನು ಹಿಂದಕ್ಕೆ ಕಟ್ಟಿಕೊಂಡಿರುತ್ತವೆ. ಅಮರಸಿಂಹನು ಜೇಡಕ್ಕೆ ಹೇಳಿದ ಲೂತಾ, ತಂತುವಾಯ, ಊರ್ಣನಾಭ, ಮರ್ಕಟಕ ಎಂಬ ನಾಲ್ಕು ನಾಮಗಳಲ್ಲಿ, ನೇಕಾರನೆಂಬರ್ಥದ ತಂತುವಾಯವು ಇವಕ್ಕೆ ಸಲ್ಲದು. ಮರ್ಕಟಕವು ಚೆನ್ನಾಗಿ ಸಲ್ಲುತ್ತದೆ.

ಕನ್ನಡದಲ್ಲಾದರೋ ಬಲೆ ಕಟ್ಟುವುದನ್ನೂ ಹಾರುವುದನ್ನೂ ಸಾಮಾನ್ಯವಾಗಿ ‘ಜೇಡ’ವೆಂದೇ ಕರೆದು, ಪೊರಕೆಯಿಂದ ಗುಡಿಸಿಬಿಡುತ್ತೇವೆ.