ಸೋಗು

ಸೋಗು ಎಂದರೆ ತನ್ನದಲ್ಲದ ರೂಪವನ್ನೋ ಭಾವವನ್ನೋ ಎದ್ದು ಕಾಣುವಂತೆ ತೋರಿಸಿಕೊಳ್ಳುವುದು. ಹಾಗೆ ಮಾಡುವವನು ಸೋಗಲಾಡಿ. ಮರಾಠಿಯ ‘ಸೋಂಗ’, ಹಿಂದಿಯ ‘ಸ್ವಾಂಗ್’ ಪದಗಳಿಗೂ ವೇಷ, ನಟನೆ ಎಂಬ ಅರ್ಥಗಳಿವೆ.

ಇಂದು ಇದು ನಿಂದೆಯ ಮಾತು. ಆದರೆ ಉತ್ತರ ಕರ್ನಾಟಕದ ಬಯಲಾಟದಲ್ಲಿ ಪಾತ್ರಧಾರಿಯ ವೇಷಕ್ಕೇ ಸೋಗು ಎನ್ನುವುದುಂಟು. ಬಯಲಾಟದ ಒಂದು ಬಗೆಯಾದ ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ಎದೆಹಾರ ತೊಟ್ಟು ಬಂದವನನ್ನು ಆಟ ನಡೆಸುವ ಸಾರಥಿ ‘ತಾವು ಯಾರು’ ಎಂದು ವಿಚಾರಿಸುತ್ತಾನೆ. ಪಾತ್ರ ತನ್ನ ಹೆಸರು, ಬಿರುದು, ಪರಾಕ್ರಮಗಳನ್ನು ಏರುದನಿಯಲ್ಲಿ ಸಾರಿಕೊಳ್ಳುತ್ತದೆ. ಇದರಲ್ಲಿ ಮೋಸವಿಲ್ಲ, ಬೆಳಗಾದರೆ ಹೊಲಕ್ಕೆ ಹೋಗುವವನೇ ಈ ದುರ್ಯೋಧನನೆಂದು ಊರಿಗೆಲ್ಲ ಗೊತ್ತು. ಕರಾವಳಿ ಮತ್ತು ಕಾಸರಗೋಡಿನ ಯಕ್ಷಗಾನದಲ್ಲಿ ‘ಬಣ್ಣದ ವೇಷ’, ‘ಸ್ತ್ರೀವೇಷ’ ಇಂದಿಗೂ ಗೌರವದ ಮಾತುಗಳೇ.

ತೋರಿಕೆಯ ಭಕ್ತಿಯನ್ನು 12ನೆಯ ಶತಮಾನದ ವಚನಕಾರರು ಕಟುವಾಗಿ ಟೀಕಿಸಿದರು. ಸ್ವಾರಸ್ಯವೆಂದರೆ ಅವರ ನಡುವೆ ವೇಷ ಹಾಕುವುದನ್ನೇ ಕಾಯಕ ಮಾಡಿಕೊಂಡ ಬಹುರೂಪಿ ಚೌಡಯ್ಯನೂ ಇದ್ದ. ‘ರೇಕಣ್ಣಪ್ರಿಯ ನಾಗಿನಾಥ’ ಅವನ ಅಂಕಿತ. ಹೊಟ್ಟೆಪಾಡಿನ ವೇಷವೂ ಜನರನ್ನು ನಂಬಿಸುವ ವೇಷವೂ ಬೇರೆಬೇರೆ ಎಂಬುದು ಆಗಲೇ ಸ್ಪಷ್ಟವಿತ್ತು.

ಕಂಪನಿ ನಾಟಕಗಳ ಕಾಲದಲ್ಲಿ ಸೋಗಿನ ಆಪಾದನೆ ರಂಗದ ಮೇಲೇ ಬಂತು. ಕೈಲಾಸಂ, ಶ್ರೀರಂಗರು ಆಡುಮಾತಿನ, ಮನೆಯಂಗಳದ ನಾಟಕಗಳನ್ನು ಬರೆದ ಮೇಲೆ ಕಂಪನಿಗಳ ಎತ್ತರದ ದನಿ, ಉದ್ದದ ಸಂಭಾಷಣೆ ‘ನಾಟಕೀಯ’ ಎನಿಸತೊಡಗಿದವು. ಈ ತೀರ್ಪು ಅರ್ಧ ಮಾತ್ರ ನ್ಯಾಯವಾದದ್ದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿಗೂ ಮಾತು ಮುಟ್ಟಬೇಕಿತ್ತು. ಆ ಪದದ ಅರ್ಥವೂ ಎಲ್ಲೆಡೆ ಒಂದೇ ಅಲ್ಲ: ಪತ್ರಿಕೆಗಳ ‘ನಾಟಕೀಯ ತಿರುವಿ’ನಲ್ಲಿ ಕಪಟವಿಲ್ಲ, ಅನಿರೀಕ್ಷಿತತೆಯಷ್ಟೇ ಇದೆ, ‘ನಾಟಕ ಮಾಡಬ್ಯಾಡ’ ಎಂಬ ಗದರಿಕೆಯಲ್ಲಿರುವುದು ಕಪಟವೇ.

ಹೆಚ್ಚು ಅನ್ಯಾಯವಾದದ್ದು ‘ಹಗಲುವೇಷ’ಕ್ಕೆ. ಬುಡ್ಗ ಜಂಗಮ ಸಮುದಾಯದ ಹಲವು ಕುಟುಂಬಗಳಿಗೆ ಇದು ಕುಲಕಸುಬು. ರಂಗವಿಲ್ಲ, ಪರದೆಯಿಲ್ಲ, ರಾಮ, ಹನುಮಂತರ ವೇಷದಲ್ಲಿ ಹಾಡಹಗಲೇ ಮನೆಮನೆಯ ಮುಂದೆ ಹಾಡಿ ಕುಣಿದು, ಕೊಟ್ಟ ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುವ ಕಲೆಯಿದು. ರಾಜಕೀಯ ಭಾಷಣಗಳಲ್ಲಿ ಎದುರಾಳಿಯ ವಂಚನೆಗೆ ಇದೇ ಹೆಸರಿಟ್ಟು ಬೈಯುವ ಚಟವನ್ನು ನಾವು ಬಿಡಬೇಕು.