ಬೇಸಿಗೆ ಕಾಲೇಜಿಗೆ ತಂತಿಯ ದಾರಿ

ಅಮೆರಿಕದ ಹೈಸ್ಕೂಲ್ ಮಕ್ಕಳು ಜೂನ್ ಬಂತೆಂದರೆ ಲ್ಯಾಪ್‌ಟಾಪ್ ಮುಂದೆ ಕೂತು ವಿಶ್ವವಿದ್ಯಾಲಯದ ಪಾಠ ಕೇಳುವುದು ಕೊರೋನಾ ತಂದ ರೂಢಿ ಎಂದೇ ಹಲವರ ಎಣಿಕೆ. 2020ರಲ್ಲಿ ಹಾಸ್ಟೆಲುಗಳಿಗೆ ಬೀಗ ಬಿದ್ದು ಬೇಸಿಗೆ ಶಿಬಿರಗಳು ಜೂಮ್ ಹಿಡಿದದ್ದು ನಿಜ. ಆದರೆ ಬೇಸಿಗೆ ರಜೆಗೂ ದೂರದ ಪಾಠಕ್ಕೂ ನಂಟು ಬೆಳೆದದ್ದು ಹತ್ತೊಂಬತ್ತನೇ ಶತಮಾನದಲ್ಲೇ.

1874ರಲ್ಲಿ ನ್ಯೂಯಾರ್ಕ್ ರಾಜ್ಯದ ಶಟಾಕ್ವಾ ಸರೋವರದ ದಂಡೆಯಲ್ಲಿ ಸಂಡೇ ಸ್ಕೂಲ್ ಶಿಕ್ಷಕರಿಗಾಗಿ ಒಂದು ಬೇಸಿಗೆ ಶಿಬಿರ ಶುರುವಾಯಿತು. ನಾಲ್ಕೇ ವರ್ಷದಲ್ಲಿ, ಮನೆಯಲ್ಲಿದ್ದುಕೊಂಡೇ ಓದುವವರಿಗೆ ನಾಲ್ಕು ವರ್ಷದ ಪಾಠಕ್ರಮವೂ ಸಿದ್ಧವಾಯಿತು. ಅಲ್ಲಿ ಕಲಿಸುತ್ತಿದ್ದ ವಿಲಿಯಂ ರೇನಿ ಹಾರ್ಪರ್ ಷಿಕಾಗೋ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದಾಗ ಬೇಸಿಗೆ ಅವಧಿ, ಅಂಚೆ ಪಾಠ ಎರಡನ್ನೂ ಅಲ್ಲಿಗೆ ಒಯ್ದರು.

ಆಗ ಕಲಿಯುತ್ತಿದ್ದವರು ದೊಡ್ಡವರು. ಹೈಸ್ಕೂಲ್ ಮಕ್ಕಳತ್ತ ಸರ್ಕಾರದ ಕಣ್ಣು ಹೊರಳಿಸಿದ್ದು ಸೋವಿಯತ್ ಭಯ: 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಉಪಗ್ರಹ ಹಾರಿತು, ಗಣಿತ ಬಲ್ಲ ಮಕ್ಕಳು ದೇಶದ ಆಸ್ತಿಯಾಗಿಬಿಟ್ಟರು. ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಗಣಿತಜ್ಞ ಆರ್ನಾಲ್ಡ್ ರಾಸ್ ಆ ವರ್ಷವೇ ಆರಂಭಿಸಿದ್ದ ಬೇಸಿಗೆ ಗಣಿತ ಶಿಬಿರ 1964ರಲ್ಲಿ ಒಹಾಯೋಗೆ ಹೋಗಿ ನೆಲೆಯೂರಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೂಲಿಯನ್ ಸ್ಟ್ಯಾನ್ಲಿ ಇನ್ನೂ ಮುಂದೆ ಹೋಗಿ, ಕಾಲೇಜು ಪ್ರವೇಶದ ಪರೀಕ್ಷೆಯನ್ನು ಹನ್ನೆರಡು–ಹದಿಮೂರರ ಮಕ್ಕಳಿಗೇ ಕೊಟ್ಟು ಪ್ರತಿಭೆ ಹುಡುಕಿದರು.

ತಂತಿ ಎಳೆದದ್ದು ಮಾತ್ರ ಸ್ಟ್ಯಾನ್‌ಫರ್ಡ್‌ನ ತತ್ತ್ವಶಾಸ್ತ್ರಜ್ಞ ಪ್ಯಾಟ್ರಿಕ್ ಸಪ್ಪೀಸ್. 1960ರ ದಶಕದಲ್ಲಿ ಅವರ ಕಂಪ್ಯೂಟರ್ ಕ್ಯಾಲಿಫೋರ್ನಿಯಾದಲ್ಲಿ; ಲೆಕ್ಕ ಮಾಡುವ ಮಕ್ಕಳು ಕೆಂಟಕಿಯ ಮೋರ್‌ಹೆಡ್, ಮಿಸಿಸಿಪ್ಪಿಯ ಮೆಕೂಂಬ್ ಊರುಗಳಲ್ಲಿ; ನಡುವೆ ಟೆಲಿಫೋನ್ ತಂತಿ. ಟೆಲಿಟೈಪ್ ಯಂತ್ರ ಕಟಕಟ ಸದ್ದಿನೊಂದಿಗೆ ಪ್ರಶ್ನೆ ಅಚ್ಚೊತ್ತುತ್ತಿತ್ತು, ಮಗು ಉತ್ತರ ಒತ್ತುತ್ತಿತ್ತು. ಅಲೆಕ್ಸಾಂಡರನಿಗೆ ಅರಿಸ್ಟಾಟಲ್ ಸಿಕ್ಕಂತೆ ಲಕ್ಷಾಂತರ ಮಕ್ಕಳಿಗೆ ಒಬ್ಬೊಬ್ಬ ಗುರು ಸಿಗುವ ಕಾಲ ದೂರವಿಲ್ಲ ಎಂದು ಅವರು 1966ರಲ್ಲೇ ಬರೆದರು. ಅಷ್ಟು ಬೇಗ ಏನೂ ಆಗಲಿಲ್ಲ ಬಿಡಿ. ಆದರೂ ಪಟ್ಟು ಬಿಡದ ಅವರು 1990ರ ದಶಕದಲ್ಲಿ ತಂತಮ್ಮ ಊರ ಶಾಲೆಯಲ್ಲಿ ಕಲನಶಾಸ್ತ್ರ ಸಿಗದ ಮಕ್ಕಳಿಗೆ ಸಿ.ಡಿ. ಪಾಠ ಕಳಿಸಿ, ಸಂದೇಹಗಳಿಗೆ ಫೋನ್, ಇ–ಮೇಲ್ ವ್ಯವಸ್ಥೆ ಮಾಡಿದರು. 2006ರಲ್ಲಿ ಅದರ ಮುಂದುವರಿಕೆಯಾಗಿ ಆನ್‌ಲೈನ್ ಹೈಸ್ಕೂಲೂ ತೆರೆಯಿತು.

ಬದಲಾದದ್ದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ದುಡ್ಡಿನ ದಿಕ್ಕು. 1954ರಲ್ಲಿ ಆರಂಭವಾದ, ಹೈಸ್ಕೂಲ್ ಮಕ್ಕಳ ಟೆಲ್ಯುರೈಡ್ ಬೇಸಿಗೆ ಶಿಬಿರ ಆಯ್ಕೆಯಾದ ಮಕ್ಕಳಿಂದ ಶುಲ್ಕ ಕೇಳುತ್ತಿರಲಿಲ್ಲ. ಸ್ಪುಟ್ನಿಕ್ ಕಾಲದ ಅನೇಕ ಶಿಬಿರಗಳಿಗೆ ಸರ್ಕಾರದ ಅನುದಾನವಿತ್ತು. ಇಂದಿನ ಹಲವು ಆನ್‌ಲೈನ್ ಕೋರ್ಸುಗಳಿಗೆ ಪಾಲಕರೇ ದೊಡ್ಡ ಮೊತ್ತ ಕಟ್ಟಬೇಕು. ಕೊನೆಗೆ ಕೈಗೆ ಬರುವುದು ಎಷ್ಟೋ ಸಲ ಕ್ರೆಡಿಟ್ ಇಲ್ಲದ ಪ್ರಮಾಣಪತ್ರ. ಅದೇ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುತ್ತದೆಂಬ ಭರವಸೆಯೂ ಇಲ್ಲ. ಹೆಸರಿನ ಆಕರ್ಷಣೆಗೇ ಅರ್ಧ ಬೆಲೆ ಎಂದರೆ ತಪ್ಪಾಗದು.

ಇಂಥ ಆನ್‌ಲೈನ್ ಕೋರ್ಸಿಗೆ ಇಲ್ಲಿಂದಲೇ ಸೇರುವ ಬೆಂಗಳೂರಿನ ಮಕ್ಕಳಿಗೆ ಅದು ಬೇಸಿಗೆ ಕೋರ್ಸೇ ಅಲ್ಲ. ನಮ್ಮ ರಜೆ ಏಪ್ರಿಲ್–ಮೇಗೆ ಮುಗಿಯುತ್ತದೆ; ಅಲ್ಲಿ ತರಗತಿ ತೆರೆಯುವಾಗ ಇಲ್ಲಿ ಮುಂಗಾರು, ಮೊದಲ ಕಿರುಪರೀಕ್ಷೆಗಳ ಕಾಲ. ಬಾಸ್ಟನ್‌ನ ಬೆಳಗಿನ 10 ಗಂಟೆ ಇಲ್ಲಿಯ ಸಂಜೆ 7.30, ಕ್ಯಾಲಿಫೋರ್ನಿಯಾದ 9 ಗಂಟೆ ರಾತ್ರಿ 9.30. ಹೋಮ್‌ವರ್ಕ್, ಊಟ ಎಲ್ಲ ಅದರ ಸುತ್ತ ಹೊಂದಿಸಿಕೊಳ್ಳಬೇಕು.